ಮೇಧಾವಿ ಬಾಲಕರ ಶಿಕ್ಷಣ: ತುಳುನಾಡಿನ ಮೂರು ಊರುಗಳ ಚರಿತ್ರೆ

ಇಟಲಿ ದೇಶದ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ 1623ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಗೇರುಸೊಪ್ಪೆಯ ಕಡೆಯಿಂದ ಘಟ್ಟವನ್ನೇರಿ ಇಕ್ಕೇರಿಗೆ ಪಯಣಿಸುತ್ತಿದ್ದಾಗ, ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಬಾಲಕರು ನೆಲದ ಮೇಲೆ ನಯವಾದ ಮರಳನ್ನು ಹರಡಿಕೊಂಡು, ಒಬ್ಬನು ಲೆಕ್ಕದ ಪಾಠವನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯಲು ಉಳಿದವರೂ ಅದನ್ನೇ ಹಾಡುತ್ತ ಬರೆಯುತ್ತಿದ್ದುದನ್ನು ಕಂಡು ಬೆರಗಾಗಿ ನಿಂತನು. ಅಲ್ಲಿ ಗುರುವೆಂಬವನು ಇರಲಿಲ್ಲ. ಸಂದೇಹ ಬಂದರೆ ತಿದ್ದುವವರು ಯಾರೆಂದು ಅವನು ವಿಚಾರಿಸಿದ್ದಕ್ಕೆ, ಒಬ್ಬನಿಗೆ ಮರೆತದ್ದು ಇನ್ನೊಬ್ಬನಿಗೆ ನೆನಪಿರುತ್ತದೆ, ನಾಲ್ವರಿಗೂ ಏಕಕಾಲದಲ್ಲಿ ಮರೆವುಂಟಾಗುವುದು ಅಸಂಭವವೆಂಬ ಅಭಿಪ್ರಾಯದ ಉತ್ತರವನ್ನು ಆ ಹುಡುಗರು ಕೊಟ್ಟರು. ಆ ಪ್ರವಾಸಿಯು ತರುವಾಯ ಕರಾವಳಿಗಿಳಿದು ಮಂಗಳೂರನ್ನೂ ಬಂಗರೆಂಬ ಅರಸರ ಸೀಮೆಯನ್ನೂ ನೋಡಿ, ಉಳ್ಳಾಲದ ರಾಣಿಯನ್ನೂ ಕಂಡು ಹೋದನು. ಬೆಳ್ತಂಗಡಿ ತಾಲೂಕಿನ ಬಂಗಾಡಿಯೂ ಬಂಟ್ವಾಳ ತಾಲೂಕಿನ ನಂದಾವರವೂ ಆ ಬಂಗರ ನೆಲೆಗಳಾಗಿದ್ದುವು.

ಆ ಬಾಲಕರಲ್ಲಿ ಕಂಡಂಥ ಕಲಿಯುವ ಆತುರಕ್ಕೆ ತಕ್ಕ ವಯಸ್ಸೊಂದುಂಟು: ಹನ್ನೊಂದು ವರ್ಷದಿಂದ ಹದಿನಾಲ್ಕರವರೆಗಿನ ವಯಸ್ಸು ಮನುಷ್ಯನ ಬುದ್ಧಿಗೆ ಅತ್ಯಂತ ಹಸಿವೆಯ ಕಾಲ. ಆ ವಯಸ್ಸಿನಲ್ಲಿ ಸಹಪಾಠಿಗಳಿಗಿಂತ ಮುಂದೆ ಓಡುವ ಮಗುವಿಗೆ ತರಗತಿಯ ಪಾಠ ಸಾಲದು. ಅಂಥ ಮಕ್ಕಳನ್ನು ಗುರುತಿಸಿ ಅವರಿಗೆ ಹೆಚ್ಚಿನ ವಿದ್ಯೆಯನ್ನು ಒದಗಿಸಬೇಕೆಂಬ ವಿಚಾರವನ್ನು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ಕಳೆದ ಶತಮಾನದಲ್ಲಿ ಒಂದು ಶಾಸ್ತ್ರವನ್ನಾಗಿ ಬೆಳೆಸಿದರು. ನಮ್ಮ ದೇಶದಲ್ಲಿ ಪುಣೆಯ ಜ್ಞಾನಪ್ರಬೋಧಿನಿಯು 1962ರಿಂದ ಇದನ್ನೇ ತನ್ನ ಮುಖ್ಯ ಕಾರ್ಯವಾಗಿ ಕೈಕೊಂಡಿತು. ಆದರೆ ಪಶ್ಚಿಮ ಘಟ್ಟದ ಬುಡದಿಂದ ನೇತ್ರಾವತಿಯ ದಂಡೆಯವರೆಗೆ ಹರಡಿರುವ ಬೆಳ್ತಂಗಡಿ, ಬಂಟ್ವಾಳ, ಮತ್ತು ಅವುಗಳ ವಾಯವ್ಯಕ್ಕಿರುವ ಜೈನ ಪುಣ್ಯಕ್ಷೇತ್ರವಾದ ಮೂಡುಬಿದಿರೆ, ಈ ಮೂರು ಊರುಗಳ ಸುತ್ತಿನಲ್ಲಿ ಅದೇ ಕಾರ್ಯವು ಬೇರೆ ಬೇರೆ ವೇಷಗಳಲ್ಲಿ, ಯಾವ ಶಾಸ್ತ್ರದ ಹೆಸರನ್ನೂ ಧರಿಸದೆ, ಬಹುಕಾಲದಿಂದ ನಡೆದುಬಂದಿದೆ. ಮಠ, ಬಸದಿ, ಮೇಳ, ಗುರುಕುಲ, ಸರಕಾರದ ವಸತಿಶಾಲೆ, ಖಾಸಗಿ ಪ್ರತಿಷ್ಠಾನ ಎಂಬ ಈ ಪರಂಪರೆಯಲ್ಲಿ ಜಾಣ ಮಗುವಿಗೆ ಬಾಗಿಲು ತೆರೆದ ಬಗೆ ಯಾವುದು, ಆ ಬಾಗಿಲಿನ ಹೊರಗೆ ಉಳಿದವರು ಯಾರು ಎಂಬೆರಡು ವಿಷಯಗಳನ್ನು ಕೂಡಿಯೇ ನೋಡಬೇಕಾಗಿದೆ.

ಬ್ರಿಟಿಷರ ಶಾಲೆಗಳು ಬರುವುದಕ್ಕೆ ಮುಂಚೆ ಈ ಸೀಮೆಯಲ್ಲಿ ಅಕ್ಷರವಿದ್ಯೆಯ ಆಶ್ರಯವಾಗಿದ್ದುದು ಐಗಳ ಮಠ. ಒಬ್ಬನೇ ಉಪಾಧ್ಯಾಯ, ಯಾರದಾದರೂ ಮನೆಯ ಜಗಲಿ, ಮರಳಿನ ಮೇಲೆ ಅಕ್ಷರಾಭ್ಯಾಸ, ಬಳಿಕ ಓಲೆಗರಿ ಮತ್ತು ಕಂಠ, ಮಗ್ಗಿ, ಕಾಲು ಅರೆ ಮುಕ್ಕಾಲುಗಳ ಬಾಯಿಲೆಕ್ಕ, ಅಮರಕೋಶ, ಜೈಮಿನಿ ಭಾರತ. ಆ ಮಠದಲ್ಲಿ ತರಗತಿಗಳ ವಿಭಾಗವಿರಲಿಲ್ಲವಾದ ಕಾರಣ ವೇಗವಾಗಿ ಕಲಿಯುವ ಹುಡುಗನನ್ನು ತಡೆಯುವ ಗೋಡೆಯೂ ಇರಲಿಲ್ಲ: ಮಗ್ಗಿಯನ್ನು ಮುಗಿಸಿದವನು ಬಡ್ಡಿಲೆಕ್ಕಕ್ಕೆ, ಅದನ್ನು ಮುಗಿಸಿದವನು ಕಾವ್ಯಕ್ಕೆ ತನ್ನ ಗತಿಯಲ್ಲಿಯೇ ಸಾಗುತ್ತಿದ್ದನು, ಮುಂದೆ ಹೋದವನಿಗೆ ಹಿಂದಿನವರಿಗೆ ಪಾಠ ಹೇಳುವ ಹೊಣೆ ಬೀಳುತ್ತಿತ್ತು. ಮದರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ಲನು ನಮ್ಮ ದೇಶದ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಹಿರಿಯ ವಿದ್ಯಾರ್ಥಿಯಿಂದ ಕಿರಿಯನಿಗೆ ಕಲಿಸುವ ಪದ್ಧತಿಯನ್ನು ರೂಢಿಸಿ, 1797ರಲ್ಲಿ ಅದನ್ನು ಕುರಿತು ಬರೆದು ಪ್ರಕಟಿಸಿದ ತರುವಾಯ, ಅದು ಮದ್ರಾಸ್ ಪದ್ಧತಿಯೆಂಬ ಹೆಸರಿನಿಂದ ಇಂಗ್ಲೆಂಡಿನಲ್ಲಿ ಹಬ್ಬಿತು. ಬೆಲ್ಲನಿಗೆ ಅದು ಅಲ್ಪ ವೆಚ್ಚದಲ್ಲಿ ಅನೇಕರಿಗೆ ಕಲಿಸುವ ಉಪಾಯವಾಗಿ ತೋರಿತು. ಅದರಲ್ಲಿ ಅಡಗಿದ್ದ ಇನ್ನೊಂದು ಗುಣ, ಎಂದರೆ ಕಲಿಸುವುದರಿಂದಲೇ ಕಲಿತದ್ದು ಗಟ್ಟಿಯಾಗುವ ಗುಣ, ಜಾಣ ಹುಡುಗನ ಮಟ್ಟಿಗೆ ಅದಕ್ಕಿಂತ ದೊಡ್ಡದು. ಆದರೂ ಈ ಮಠಗಳನ್ನು ಹೊಗಳುವಾಗ ಜಗಲಿಯ ಕೆಳಗೆ ಅಂಗಳದಲ್ಲಿಯೂ ಅಂಗಳದಿಂದಾಚೆಯ ಗದ್ದೆಯಲ್ಲಿಯೂ ನಿಂತಿದ್ದ ಮಕ್ಕಳನ್ನು ಮರೆಯುವುದು ನ್ಯಾಯವಲ್ಲ. ಜಾತಿಯ ಕಾರಣದಿಂದ ಅಕ್ಷರದ ಸಮೀಪಕ್ಕೂ ಬರಲಾಗದವರಿಗಾಗಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ಶಾಲೆ ತೆರೆಯಬೇಕಾಯಿತು, ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನೂ ಸಹಿಸಬೇಕಾಯಿತು ಎಂಬುದೇ ಆ ಕಾಲದ ಸ್ಥಿತಿಗೆ ಸಾಕಷ್ಟು ಸಾಕ್ಷಿ.

ಮೂಡುಬಿದಿರೆಯ ಸಂಗತಿ ಬೇರೆ. ಹದಿನೆಂಟು ಬಸದಿಗಳ ಈ ಊರಿನಲ್ಲಿ, 1430ರ ಸುಮಾರಿನಲ್ಲಿ ನಿರ್ಮಿತವಾದ ಸಾವಿರ ಕಂಬದ ಬಸದಿಯನ್ನು ನೋಡಲು ಬರುವವರು ಅಲ್ಲಿಂದ ಕೂಗಳತೆಯಲ್ಲಿರುವ ಗುರುಬಸದಿಯ ಇನ್ನೊಂದು ಸಂಪತ್ತನ್ನು ನೋಡದೆಯೇ ಹೋಗುವುದುಂಟು. ಧವಲ, ಜಯಧವಲ, ಮಹಾಧವಲವೆಂಬ ಸಿದ್ಧಾಂತಗ್ರಂಥಗಳ ಪ್ರಾಚೀನ ತಾಡಪತ್ರಗಳು ಶತಮಾನಗಳ ಪರ್ಯಂತ ಉಳಿದುಬಂದದ್ದು ಅಲ್ಲಿಯೇ. ಭಾಷೆ ಪ್ರಾಕೃತ, ಲಿಪಿ ಹಳೆಗನ್ನಡದ್ದು. ಓದಬಲ್ಲವರು ಪ್ರತಿ ತಲೆಮಾರಿನಲ್ಲಿಯೂ ಒಬ್ಬಿಬ್ಬರಾದರೂ ಹುಟ್ಟದೆ ಹೋಗಿದ್ದರೆ ಆ ಗರಿಗಳು ಪೂಜೆಯ ವಸ್ತುಗಳಾಗಿ ಮಾತ್ರ ಉಳಿಯುತ್ತಿದ್ದುವು. ಲಿಪಿಯ ಪರಿಚಯ, ಪ್ರಾಕೃತ ಸಂಸ್ಕೃತಗಳ ವ್ಯುತ್ಪತ್ತಿ, ಕಂಠದಿಂದ ಗರಿ ಕೊರೆಯುವ ಹಸ್ತಕೌಶಲ ಇವೆಲ್ಲ ಬಾಲ್ಯದಲ್ಲಿಯೇ ಆರಂಭವಾಗಬೇಕಾದ ವಿದ್ಯೆಗಳು. ಬಸದಿ ಮಠಗಳ ಆಶ್ರಯದಲ್ಲಿ ಬೆಳೆದ ಲೋಕನಾಥ ಶಾಸ್ತ್ರಿಗಳಂಥ ಪಂಡಿತರು ಆ ಗ್ರಂಥಗಳ ಪ್ರತಿಗಳನ್ನು ಸಿದ್ಧಪಡಿಸುವ ಕಾರ್ಯದಲ್ಲಿ ತೊಡಗಿದುದರಿಂದಲೂ, ಅವರಿಗೆ ಮುಂಚಿನವರ ಪರಿಶ್ರಮದಿಂದಲೂ, 1939ರಲ್ಲಿ ಧವಲದ ಮೊದಲ ಸಂಪುಟ ಮುದ್ರಣದ ಬೆಳಕನ್ನು ಕಂಡಿತು. ಹದಿನಾರನೆಯ ಶತಮಾನದಲ್ಲಿ ಭರತೇಶ ವೈಭವವನ್ನು ರಚಿಸಿದ ರತ್ನಾಕರವರ್ಣಿಯೂ ಈ ಮೂಡುಬಿದಿರೆಯ ಮಣ್ಣಿನಲ್ಲಿಯೇ ಹುಟ್ಟಿದವನು. ಅಪೂರ್ವವಾದ ವಸ್ತುವೊಂದು ಕೈಗೆಟಕುವಷ್ಟು ಹತ್ತಿರದಲ್ಲಿದ್ದು, ಅದನ್ನು ಬಲ್ಲ ಹಿರಿಯನೊಬ್ಬನು ಪಕ್ಕದಲ್ಲಿದ್ದರೆ, ಜಾಣ ಬಾಲಕನಿಗೆ ಬೇರೊಂದು ಪಠ್ಯಕ್ರಮ ಬೇಕಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಇಷ್ಟಾದರೂ ಈ ಸೀಮೆಯ ಅತಿ ವಿಶಾಲವಾದ ವಿದ್ಯಾಶಾಲೆ ಯಾವುದೆಂದರೆ ಬಯಲಾಟದ ರಂಗಸ್ಥಳವೆಂದೇ ನಾನು ಹೇಳುವೆನು. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಪ್ರಧಾನ ಪ್ರಸಂಗಕ್ಕೆ ಮುಂಚೆ ನಡೆಯುವ ಪೂರ್ವರಂಗವನ್ನು ಇಂದಿನ ಪ್ರೇಕ್ಷಕರು ಬೇಗ ಮುಗಿಯಬೇಕಾದ ಪೀಠಿಕೆಯೆಂದು ಭಾವಿಸುವುದುಂಟು. ಕಾಲಮಿತಿಯ ಆಟಗಳಲ್ಲಿ ಅದು ಹ್ರಸ್ವವಾಗಿಯೂ ಹೋಗಿದೆ. ಆದರೆ ಶಿಕ್ಷಣದ ದೃಷ್ಟಿಯಿಂದ ನೋಡಿದರೆ, ಹತ್ತು ಹನ್ನೆರಡು ವರ್ಷದ ಹುಡುಗನನ್ನು ನುರಿತ ಕಲಾವಿದನನ್ನಾಗಿ ಮಾಡುವ ಸೋಪಾನಪಂಕ್ತಿಯೇ ಪೂರ್ವರಂಗ. ಮೇಳಕ್ಕೆ ಹೊಸದಾಗಿ ಸೇರಿದ ಬಾಲಕ ಮೊದಲು ಕೋಡಂಗಿಯಾಗಿ ಕುಣಿಯುವನು. ಅಲ್ಲಿ ತಪ್ಪಿದರೆ ಯಾರೂ ಗಮನಿಸರು, ತಪ್ಪುವುದಕ್ಕಾಗಿಯೇ ಆ ವೇಷವಿರುವುದೇನೋ ಎಂಬಂತೆ ಪೂರ್ವಿಕರು ಅದನ್ನು ಅಣಿಗೊಳಿಸಿದ್ದಾರೆ. ಹೆಜ್ಜೆ ಕುದುರಿದ ಮೇಲೆ ಬಾಲಗೋಪಾಲ. ಬಳಿಕ ಷಣ್ಮುಖ ಸುಬ್ರಾಯ, ಅರ್ಧನಾರೀಶ್ವರ, ಪೂರ್ವರಂಗದ ಸ್ತ್ರೀವೇಷ. ತರುವಾಯ ಪ್ರಸಂಗದೊಳಗೆ ದೂತ, ಬಲ, ಪುಂಡುವೇಷ. ಯೋಗ್ಯತೆಯೂ ಶರೀರವೂ ಒದಗಿ ಬಂದರೆ ಕಿರೀಟ, ಬಣ್ಣ. ಹಾಡುಗಾರಿಕೆಯಲ್ಲಿಯೂ ಹೀಗೆಯೇ: ಪೂರ್ವರಂಗವನ್ನು ಹಾಡುವ ಸಂಗೀತಗಾರನು ನಾಳೆಯ ಭಾಗವತ. ರಾತ್ರಿಯ ಮೊದಲ ಜಾವದಲ್ಲಿ ತನ್ನ ಪಾಲಿನ ಕುಣಿತವನ್ನು ಮುಗಿಸಿದ ಹುಡುಗ ಉಳಿದ ಮೂರು ಜಾವ, ವೇಷ ಕಟ್ಟುವ ಚೌಕಿಯ ಬದಿಯಿಂದ ಹಿರಿಯರ ಅರ್ಥಗಾರಿಕೆಯನ್ನು ಕೇಳುತ್ತಿದ್ದನು. ಭೀಷ್ಮನೂ ಅಂಬೆಯೂ ಧರ್ಮಸೂಕ್ಷ್ಮವನ್ನು ಚರ್ಚಿಸುವುದನ್ನು, ಕೃಷ್ಣನ ಸಂಧಾನದಲ್ಲಿ ಮಾತಿಗೆ ಮಾತು ಹೊಸೆಯುವುದನ್ನು, ಒಂದೇ ಪದ್ಯಕ್ಕೆ ಇಂದು ಒಂದರ್ಥ ನಾಳೆ ಇನ್ನೊಂದರ್ಥ ಹುಟ್ಟುವುದನ್ನು ಪ್ರತಿ ರಾತ್ರಿ ನೋಡಿ ಬೆಳೆದವನಿಗೆ ಪುರಾಣಜ್ಞಾನ, ಭಾಷೆ, ತರ್ಕ, ಸಮಯಸ್ಫೂರ್ತಿ ಇವು ನಾಲ್ಕೂ ಒಂದೇ ಅಭ್ಯಾಸದಲ್ಲಿ ಲಭಿಸುತ್ತಿದ್ದುವು. ಶಾಲೆಯ ಮೂರನೆಯೋ ನಾಲ್ಕನೆಯೋ ತರಗತಿಗೆ ನಿಂತವರು ಶಾಸ್ತ್ರಜ್ಞರೊಡನೆ ಸರಿಸಮನಾಗಿ ವಾದಿಸುವ ಅರ್ಥಧಾರಿಗಳಾದ ಉದಾಹರಣೆಗಳು ಈ ನಾಡಿನಲ್ಲಿ ವಿರಳವಲ್ಲ.

ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟ ಮೇಳಗಳು ಬೇಸಗೆಯ ಕೊನೆಯ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ತಿಂಗಳುಗಳು ಕಲಿಕೆಯ ಕಾಲ. ವಿಟ್ಲ ಸೀಮೆಯ ಕಡೆಯ ಮಾಂಬಾಡಿ ನಾರಾಯಣ ಭಾಗವತರಂಥವರು ಮನೆಯಲ್ಲಿಯೇ ಶಿಷ್ಯರನ್ನಿರಿಸಿಕೊಂಡು ಹಿಮ್ಮೇಳದ ವಿದ್ಯೆಯನ್ನು ಧಾರೆಯೆರೆದುದು ಈ ಮಳೆಗಾಲದ ಪಾಠಕ್ರಮದ ಉಜ್ಜ್ವಲ ಪ್ರಕರಣ. ಈ ಗುರುಮನೆಗಳ ರೀತಿಯನ್ನೇ ಸಂಸ್ಥೆಯ ರೂಪಕ್ಕೆ ತಂದುದು ಧರ್ಮಸ್ಥಳ: 1970ರ ದಶಕದ ಆದಿಯಲ್ಲಿ ಅಲ್ಲಿ ಪ್ರಾರಂಭವಾದ ಯಕ್ಷಗಾನ ಕಲಾಕೇಂದ್ರದಲ್ಲಿ ಕುರಿಯ ವಿಠಲ ಶಾಸ್ತ್ರಿಗಳೂ, ಅವರ ಬಳಿಕ ಪಡ್ರೆ ಚಂದು ಅವರೂ ಗುರುಗಳಾಗಿ, ಕಲಿಯಬಂದ ಹುಡುಗರಿಗೆ ಊಟ ವಸತಿಗಳೊಡನೆ ನಾಟ್ಯವನ್ನು ಕಲಿಸಿದರು. ಮೇಳದ ಜೀವನ ಕಠಿಣವಾಗಿತ್ತೆಂಬುದನ್ನೂ, ನಿದ್ದೆಗೆಟ್ಟು ನಡೆದು ಬಳಲಿದ ಅನೇಕ ಬಾಲಕರು ಅರ್ಧದಲ್ಲಿಯೇ ಮನೆಗೆ ಹಿಂತಿರುಗಿದರೆಂಬುದನ್ನೂ ಅಲ್ಲಗಳೆಯಲಾಗದು. ಆದರೆ ಕೋಡಂಗಿಯಿಂದ ಕಿರೀಟದವರೆಗಿನ ಆ ಮೆಟ್ಟಿಲುಗಳಲ್ಲಿ ಒಂದು ವಿವೇಕವಿದೆ. ಅದು ಹುಡುಗನನ್ನು ಒಂದು ದಿನ ಪರೀಕ್ಷಿಸಿ ಒಳಗೆ ಸೇರಿಸಿಕೊಳ್ಳುವುದೂ ಇಲ್ಲ, ಹೊರಗೆ ಕಳುಹಿಸುವುದೂ ಇಲ್ಲ. ಮೊದಲು ಸೇರಿಸಿಕೊಂಡು, ಕೆಲಸ ಕೊಟ್ಟು, ಅವನು ಏನಾಗಬಲ್ಲನೆಂಬುದನ್ನು ವರ್ಷಗಟ್ಟಲೆ ನೋಡುವುದು.

ಇನ್ನು ಸರಕಾರದ ಶಾಲೆಗಳ ಮಾತು. ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೆ ಮದರಾಸಿಗೆ ಸೇರಿದ್ದ ಕಾರಣ ಇಲ್ಲಿಯ ಹಳ್ಳಿಗಳಲ್ಲಿ ಐದನೆಯ ತರಗತಿಯವರೆಗಿನ ಶಾಲೆಗಳೂ, ಎಲ್ಲೋ ಕೆಲವು ಕಡೆ ಎಂಟನೆಯವರೆಗಿನ ಹಯರ್ ಎಲಿಮೆಂಟರಿ ಶಾಲೆಗಳೂ ಇದ್ದುವು. ಎಂಟನೆಯದರ ಕೊನೆಯಲ್ಲಿ ಇ.ಎಸ್.ಎಲ್.ಸಿ. ಎಂಬ ಸಾರ್ವಜನಿಕ ಪರೀಕ್ಷೆ. ಹಳ್ಳಿಯ ಜಾಣ ಹುಡುಗನಿಗೆ ಆ ಪರೀಕ್ಷೆಯೇ ವಿದ್ಯೆಯ ಕೊನೆಯ ಗಡಿಯಾಗುತ್ತಿತ್ತು. ಅದನ್ನು ದಾಟಿದವನು ಶಿಕ್ಷಕರ ತರಬೇತಿಗೆ ಹೋಗಿ, ತಾನು ಓದಿದಂಥ ಶಾಲೆಗೆ ಮಾಸ್ತರನಾಗಿ ಮರಳುತ್ತಿದ್ದನು. ಈ ಕ್ರಮದಿಂದ ಒಂದು ಆಕಸ್ಮಿಕ ಲಾಭವುಂಟಾಯಿತೆಂಬುದು ನನ್ನ ನಂಬಿಕೆ: ಊರಿನ ಅತ್ಯಂತ ಚುರುಕಾದ ಬುದ್ಧಿ ಊರಿನ ಶಾಲೆಯಲ್ಲಿಯೇ ಉಳಿದು, ಮುಂದಿನ ತಲೆಮಾರಿನ ಚುರುಕಾದ ಬುದ್ಧಿಗಳನ್ನು ಗುರುತಿಸಿತು.

ಆ ಮಾಸ್ತರರ ಪೈಕಿ ಶಿಖರಪ್ರಾಯರಾದವರು ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು. ಕಡುಬಡತನದಲ್ಲಿ ಓದಿ, ಕನ್ನಡದ ಉಪಾಧ್ಯಾಯರಾಗಿ, ಶಾಲೆಗಳ ಇನ್ಸ್‌ಪೆಕ್ಟರರಾಗಿ, ಮಡಿಕೇರಿಯಲ್ಲಿ ಹೆಡ್ ಮಾಸ್ತರರಾಗಿ ಅವರು ಮಾಡಿದ ಸೇವೆಯ ತಿರುಳು ಯಾವುದೆಂದರೆ, ಮಕ್ಕಳ ಓದಿಗೆ ಪಠ್ಯಪುಸ್ತಕ ಸಾಲದು ಎಂಬ ಅರಿವು. ಇನ್ಸ್‌ಪೆಕ್ಟರರು ಬರುವರೆಂದರೆ ಮಾಸ್ತರರೂ ಮಕ್ಕಳೂ ಒಟ್ಟಿಗೆ ನಡುಗುತ್ತಿದ್ದ ಕಾಲದಲ್ಲಿ, ಈ ಇನ್ಸ್‌ಪೆಕ್ಟರರು ಮಕ್ಕಳ ನಡುವೆ ನಿಂತು ಕತೆ ಹೇಳಿ ಹಾಡಿ ಕುಣಿಸುತ್ತಿದ್ದರು. 1921ರಲ್ಲಿ ಅವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ, ಶಾಲೆಯ ಪಾಠದಾಚೆಗೆ ಕೈಚಾಚುವ ಮಕ್ಕಳ ಕೈಗೆ ಕನ್ನಡದ ಪುಸ್ತಕ ಸಿಗುವಂತೆ ಮಾಡಿದರು. ಅದೇ 1921ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಲೂಯಿಸ್ ಟರ್ಮನ್ನನು ಕ್ಯಾಲಿಫೋರ್ನಿಯದ ಮಕ್ಕಳ ಬುದ್ಧಿಯನ್ನು ಅಂಕಗಳಿಂದ ಅಳೆದು, ಅತ್ಯುಚ್ಚ ಅಂಕ ಪಡೆದ ಸಾವಿರದೈನೂರಕ್ಕೂ ಮಿಕ್ಕ ಮಕ್ಕಳನ್ನು ಆಯ್ದು, ಅವರ ಜೀವಮಾನವನ್ನೆಲ್ಲ ಪರಿಶೀಲಿಸುವ ಮಹಾಕಾರ್ಯಕ್ಕೆ ತೊಡಗಿದನು. ಅವನ ಜರಡಿಯಲ್ಲಿ ನಿಲ್ಲದೆ ಕೆಳಗೆ ಬಿದ್ದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಆಲ್ವರೆಸ್ ಎಂಬಿಬ್ಬರು ಹುಡುಗರಿದ್ದರು. ಮೊದಲನೆಯವನಿಗೆ 1956ರಲ್ಲಿಯೂ ಎರಡನೆಯವನಿಗೆ 1968ರಲ್ಲಿಯೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಟರ್ಮನ್ನನ ಕಾರ್ಯವನ್ನು ಇದರಿಂದ ತೃಣೀಕರಿಸತಕ್ಕದ್ದಲ್ಲ. ಆದರೆ ಅಳೆದು ಆಯ್ದುಕೊಳ್ಳುವ ಮಾರ್ಗವೊಂದು, ಎಲ್ಲರಿಗೂ ಬಡಿಸಿ ಹಸಿದವನು ಹೆಚ್ಚು ಉಣ್ಣಲೆಂದು ಬಿಡುವ ಮಾರ್ಗವೊಂದು ಎಂಬ ಎರಡು ದಾರಿಗಳು ಒಂದೇ ವರ್ಷದಲ್ಲಿ ಭೂಮಿಯ ಎರಡು ಅಂಚುಗಳಲ್ಲಿ ತೆರೆದುಕೊಂಡುದನ್ನು ಗಮನಿಸದಿರಲಾಗದು. ಪಂಜೆಯವರ ದಾರಿಯಲ್ಲಿಯೇ ನೆರೆಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ನಡೆದರು. ಮೂರು ಸಂಪುಟಗಳ ಬಾಲಪ್ರಪಂಚವನ್ನು 1936ರಲ್ಲಿ ಹೊರತಂದು, ಬಾಲವನದಲ್ಲಿ ಆಟ, ನೃತ್ಯ, ನಾಟಕಗಳ ಮೂಲಕ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಕನ್ನಡವೊಂದನ್ನೇ ಬಲ್ಲ ಹಳ್ಳಿಯ ಹುಡುಗನಿಗೆ ನಕ್ಷತ್ರ, ಜೀವಜಾತಿ, ಯಂತ್ರಗಳ ವಿಷಯ ಅಷ್ಟು ವಿಸ್ತಾರವಾಗಿ ಮೊದಲು ದೊರೆತುದು ಆ ಸಂಪುಟಗಳಲ್ಲಿ.

ಪುಸ್ತಕ ಸಿಕ್ಕರೂ ಊಟ ಸಿಗದವನ ಗತಿ ಏನು? ಈ ಪ್ರಶ್ನೆಗೆ ಬೆಳ್ತಂಗಡಿಯ ಸೀಮೆ ಕೊಟ್ಟ ಉತ್ತರ ಉಜಿರೆಯ ಸಿದ್ಧವನ ಗುರುಕುಲ. ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಇದನ್ನು ಸ್ಥಾಪಿಸಿದಾಗ, ಘಟ್ಟದ ತಪ್ಪಲಿನ ಹಳ್ಳಿಗಳಿಂದ ಹೈಸ್ಕೂಲಿನ ಮುಖ ಕಾಣಬೇಕಾದರೆ ಮನೆಯನ್ನೂ ಬಿಟ್ಟು, ಉಳಿಯಲು ನೆಲೆಯನ್ನೂ ಹುಡುಕಬೇಕಾಗಿತ್ತು. ಗುರುಕುಲದಲ್ಲಿ ವಸತಿ, ಭೋಜನ, ಪ್ರಾರ್ಥನೆ, ಯೋಗಾಭ್ಯಾಸ, ದುಡಿಮೆ, ಇವುಗಳೊಡನೆ ಶಾಲೆಯ ಓದು. ಅದಕ್ಕೆ ಮುಂಚೆ 1933ರಲ್ಲಿಯೇ ಅವರು ಧರ್ಮಸ್ಥಳದ ಲಕ್ಷದೀಪೋತ್ಸವದ ಸಮಯದಲ್ಲಿ ಸರ್ವಧರ್ಮ ಸಮ್ಮೇಳನ ಮತ್ತು ಸಾಹಿತ್ಯ ಸಮ್ಮೇಳನಗಳನ್ನು ಆರಂಭಿಸಿದ್ದರು. ನಾಡಿನ ದೊಡ್ಡ ವಿದ್ವಾಂಸರನ್ನು ಪತ್ರಿಕೆಯಲ್ಲಿ ಓದಿ ಮಾತ್ರ ಬಲ್ಲವರಿಗೆ ಅವರನ್ನು ಕಣ್ಣೆದುರಿನಲ್ಲಿ ಕಂಡು ಕೇಳುವ ಅವಕಾಶ ವರ್ಷಕ್ಕೊಮ್ಮೆ ಹಳ್ಳಿಯ ಅಂಚಿನಲ್ಲಿಯೇ ಒದಗಿತು. ಮಂಜಯ್ಯ ಹೆಗ್ಗಡೆಯವರ ಬಳಿಕ ಧರ್ಮಾಧಿಕಾರಿಗಳಾದ ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ, 1966ರಲ್ಲಿ, ಉಜಿರೆಯಲ್ಲಿ ಕಾಲೇಜು ಬಂದಿತು. 1968ರಲ್ಲಿ ಪಟ್ಟಕ್ಕೆ ಬಂದ ವೀರೇಂದ್ರ ಹೆಗ್ಗಡೆಯವರು ತಂದೆ ರತ್ನವರ್ಮರ ನೆನಪಿಗೆ ರತ್ನಮಾನಸವೆಂಬ ವಸತಿನಿಲಯವನ್ನು ಸ್ಥಾಪಿಸಿದರು.

ರತ್ನಮಾನಸದ ವಿಷಯದಲ್ಲಿ ತುಸು ನಿಲ್ಲಬೇಕು. ಅಲ್ಲಿಗೆ ಸೇರುವವರು ಎಂಟನೆಯ ತರಗತಿಗೆ ಕಾಲಿಡುವ ಹಳ್ಳಿಯ ಹುಡುಗರು. ಹೈಸ್ಕೂಲಿನ ಮೂರು ವರ್ಷ ಅವರ ವಾಸ. ನಸುಕಿನಲ್ಲಿ ಎದ್ದು ಹಟ್ಟಿಯ ಕೆಲಸ, ಗದ್ದೆಯ ಬೇಸಾಯ, ತೋಟ, ತರಕಾರಿ, ಇವೆಲ್ಲ ಅವರ ಕೈಯಿಂದಲೇ ಆಗತಕ್ಕವು. ಉಳಿದ ಹೊತ್ತು ಶಾಲೆ ಮತ್ತು ಓದು. ಬುದ್ಧಿವಂತನಾದ ಹುಡುಗನನ್ನು ಮಣ್ಣಿನ ಕೆಲಸದಿಂದ ಪಾರುಮಾಡುವುದೇ ವಿದ್ಯೆಯ ಗುರಿಯೆಂದು ಪೋಷಕರು ದೃಢವಾಗಿ ನಂಬಿರುವ ದೇಶದಲ್ಲಿ, ಬುದ್ಧಿವಂತನೆಂದೇ ಆಯ್ದ ಹುಡುಗನ ಕೈಗೆ ಹಾರೆಯನ್ನು ಕೊಡುವ ಧೈರ್ಯ ಸಾಮಾನ್ಯವಾದುದಲ್ಲ. ಬೀಜ ಮೊಳೆಯುವುದನ್ನೂ ಹಸು ಈಯುವುದನ್ನೂ ಕೈಯಾರೆ ನೋಡಿಕೊಂಡವನು ಜೀವಶಾಸ್ತ್ರದ ಪುಟವನ್ನು ಓದುವ ಬಗೆಯೇ ಬೇರೆ. ಶಾಲೆಯ ವಿದ್ಯೆಗೆ ಸಮೃದ್ಧಿಯನ್ನು ಸೇರಿಸುವುದೆಂದರೆ ಅದರ ಮೇಲೆ ಇನ್ನಷ್ಟು ಪಾಠಗಳನ್ನು ಹೇರುವುದಲ್ಲ, ಆ ವಿದ್ಯೆಗೆ ಆಧಾರವಾದ ಅನುಭವವನ್ನು ಕೆಳಗಿನಿಂದ ಕಟ್ಟುವುದೆಂಬ ತತ್ತ್ವವನ್ನು ರತ್ನಮಾನಸವು ಭಾಷಣಗಳಿಂದಲ್ಲ, ದಿನಚರಿಯಿಂದ ಸಾಧಿಸಿ ತೋರಿಸಿದೆ. ಸಿದ್ಧವನ, ರತ್ನಮಾನಸ ಎರಡೂ ಗಂಡುಮಕ್ಕಳಿಗಾಗಿ ಹುಟ್ಟಿದುವು ಎಂಬುದನ್ನು ಮಾತ್ರ ಇಲ್ಲಿ ಗಮನಿಸಿಕೊಳ್ಳಬೇಕು.

ಈ ನಡುವೆ ನಾಡಿನ ಕೆಳಸ್ತರದಲ್ಲಿ ಎರಡು ಬದಲಾವಣೆಗಳಾಗಿದ್ದುವು. 1974ರ ಭೂಸುಧಾರಣೆಯ ಶಾಸನದಿಂದ ಗೇಣಿಯ ಒಕ್ಕಲುಗಳು ಭೂಮಾಲಕರಾದರು; ಧಣಿಯ ಮನೆಯ ಬಿಟ್ಟಿ ಕೆಲಸಕ್ಕೆ ಹೋಗಬೇಕಾಗಿದ್ದ ಮಗು ಶಾಲೆಗೆ ಹೋಗಬಹುದಾಯಿತು. ಬಂಟ್ವಾಳ, ಬೆಳ್ತಂಗಡಿಗಳ ಮನೆಮನೆಯ ಚಾವಡಿಯಲ್ಲಿ ಹೆಂಗಸರು ಕಟ್ಟಿದ ಬೀಡಿಯ ಮಜೂರಿಯಿಂದ ಆ ಮಗುವಿನ ಪುಸ್ತಕ, ಅಂಗಿ, ಬಸ್ಸಿನ ಚಾರ್ಜು ಹುಟ್ಟಿತು. ಈ ಜಿಲ್ಲೆಯ ವಿದ್ಯಾಭ್ಯಾಸದ ಕೀರ್ತಿಯನ್ನು ವರ್ಣಿಸುವವರು ಸಂಸ್ಥೆಗಳ ಹೆಸರನ್ನು ಹೇಳುವಷ್ಟೇ ಆದರದಿಂದ ಆ ತಾಯಂದಿರ ಬೆರಳುಗಳನ್ನು ನೆನೆಯತಕ್ಕದ್ದು.

ಭಾರತ ಸರಕಾರವು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಅಂಗವಾಗಿ ನವೋದಯ ವಿದ್ಯಾಲಯಗಳನ್ನು ಜಿಲ್ಲೆಗೊಂದರಂತೆ ತೆರೆಯತೊಡಗಿದಾಗ, ದಕ್ಷಿಣ ಕನ್ನಡದ ವಿದ್ಯಾಲಯ ಮುಡಿಪಿಗೆ ಬಂದಿತು. ಮುಡಿಪು ಅಂದು ಬಂಟ್ವಾಳ ತಾಲೂಕಿನಲ್ಲಿತ್ತು. ಈಚೆಗೆ ಉಳ್ಳಾಲ ತಾಲೂಕು ಪ್ರತ್ಯೇಕವಾದ ಮೇಲೆ ಅದಕ್ಕೆ ಸೇರಿದೆ. ಐದನೆಯ ತರಗತಿಯ ಮಕ್ಕಳಿಗೆ ಎರಡು ಗಂಟೆಗಳ ಒಂದು ಪರೀಕ್ಷೆ; ಮನೋಸಾಮರ್ಥ್ಯ, ಗಣಿತ, ಭಾಷೆ; ಕನ್ನಡದಲ್ಲಿಯೇ ಬರೆಯಬಹುದು; ಆಯ್ಕೆಯಾದ 80 ಮಕ್ಕಳಿಗೆ ಆರನೆಯ ತರಗತಿಯಿಂದ ಹನ್ನೆರಡನೆಯವರೆಗೆ ವಸತಿಸಹಿತವಾದ ಶಿಕ್ಷಣ. ಸ್ಥಾನಗಳಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ, ಮೂರರಲ್ಲೊಂದು ಭಾಗ ಹೆಣ್ಣುಮಕ್ಕಳಿಗೆ ಎಂಬ ನಿಯಮವು ಈ ಸೀಮೆಯ ಚರಿತ್ರೆಯಲ್ಲಿ ಹೊಸ ಸಂಗತಿ. ಒಂಬತ್ತನೆಯ ತರಗತಿಯಲ್ಲಿ ಕೆಲವು ಮಕ್ಕಳು ಹಿಂದಿ ಪ್ರಾಂತದ ವಿದ್ಯಾಲಯಕ್ಕೆ ಹೋಗಿ ಒಂದು ವರ್ಷವಿದ್ದು ಬರುವರು, ಅಲ್ಲಿಯವರು ಇಲ್ಲಿಗೆ ಬರುವರು. ಮನೆಯಲ್ಲಿ ತುಳು ಅಥವಾ ಬ್ಯಾರಿ, ಊರಿನಲ್ಲಿ ಕನ್ನಡ ಆಡಿ ಬೆಳೆದ ಮಗುವಿಗೆ ದೇಶದ ವಿಸ್ತಾರ ನಕಾಶೆಯಿಂದಲ್ಲದೆ ಸಹವಾಸದಿಂದ ತಿಳಿಯಿತು. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದ ಮೇಲೆ ಅದಕ್ಕೆ ಚಾರದಲ್ಲಿ ಇನ್ನೊಂದು ವಿದ್ಯಾಲಯವಾಯಿತು.

ನವೋದಯದ ಉಪಕಾರವನ್ನು ಮನಃಪೂರ್ವಕವಾಗಿ ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಹತ್ತು ವರ್ಷದ ಮಗು ತನ್ನ ಜೀವಮಾನದಲ್ಲಿ ಒಂದೇ ಸಲ ಬರೆಯಬಹುದಾದ ಆ ಪರೀಕ್ಷೆಯ ದಿನ ಜ್ವರದಿಂದ ಬಳಲಿದ್ದರೆ, ಅಥವಾ ಅದರ ಬುದ್ಧಿ ಹನ್ನೆರಡನೆಯ ವರ್ಷದಲ್ಲಿ ಅರಳುವ ಜಾತಿಯದಾಗಿದ್ದರೆ, ಆರನೆಯ ತರಗತಿಯ ಆ ಬಾಗಿಲು ಅದಕ್ಕೆ ಮತ್ತೆ ತೆರೆಯುವುದಿಲ್ಲ. ಟರ್ಮನ್ನನ ಜರಡಿಯ ದೋಷವೇ ಇಲ್ಲಿಯೂ ಉಂಟು. ಇದಲ್ಲದೆ ಪರೀಕ್ಷೆಗೆ ಸಿದ್ಧಗೊಳಿಸುವ ಕೋಚಿಂಗ್ ತರಗತಿಗಳು ಹುಟ್ಟಿಕೊಂಡ ಮೇಲೆ, ಸಹಜ ಮೇಧೆಯನ್ನು ಹುಡುಕಲು ಹೊರಟ ಪರೀಕ್ಷೆ ಸ್ವಲ್ಪಮಟ್ಟಿಗೆ ಪೋಷಕರ ಜಾಗರೂಕತೆಯನ್ನು ಅಳೆಯುವ ಪರೀಕ್ಷೆಯಾಗಿ ಪರಿಣಮಿಸಿದೆ.

ಮೂಡುಬಿದಿರೆಯಲ್ಲಿ ವೈದ್ಯರಾದ ಡಾ. ಎಂ. ಮೋಹನ ಆಳ್ವರು 1995ರಲ್ಲಿ ಸ್ಥಾಪಿಸಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಕೆಲಸವನ್ನು ಈ ದೃಷ್ಟಿಯಿಂದ ನೋಡಿದರೆ ಹಳೆಯ ಎರಡು ಮಾರ್ಗಗಳೂ ಅಲ್ಲಿ ಸಂಧಿಸಿರುವುದು ಕಾಣುತ್ತದೆ. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ, ಆರನೆಯ ತರಗತಿಯಿಂದ ಮೊದಲ್ಗೊಂಡು ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿ, ಊಟ ವಸತಿ ವಿದ್ಯೆಗಳನ್ನು ಉಚಿತವಾಗಿ ಕೊಡುವ ಕನ್ನಡ ಮಾಧ್ಯಮ ಶಾಲೆಯನ್ನು ಅವರು ನಡೆಸಿದರು. ರಾಜ್ಯದ ನಾನಾ ಜಿಲ್ಲೆಗಳಿಂದ ಮಕ್ಕಳು ಆ ಪರೀಕ್ಷೆಗಾಗಿ ತಂದೆತಾಯಿಗಳ ಕೈಹಿಡಿದು ಮೂಡುಬಿದಿರೆಯ ಬಸ್ಸು ಇಳಿಯುತ್ತಾರೆ. ಇದು ಆಯ್ಕೆಯ ಮಾರ್ಗ. ಇನ್ನೊಂದು ಕಡೆ, ಆಟೋಟದಲ್ಲಿ, ನೃತ್ಯದಲ್ಲಿ, ಮಲ್ಲಕಂಬದಲ್ಲಿ, ಯಕ್ಷಗಾನದಲ್ಲಿ ಪ್ರಾವೀಣ್ಯವಿರುವ ಮಕ್ಕಳನ್ನು ಸಂಸ್ಥೆ ದತ್ತು ಸ್ವೀಕರಿಸಿ, ವರ್ಷಂಪ್ರತಿ ವಿರಾಸತ್ ಎಂಬ ಸಾಂಸ್ಕೃತಿಕ ಉತ್ಸವದ ಮಹಾವೇದಿಕೆಯಲ್ಲಿ ಅವರಿಗೆ ಪಾಲು ಕೊಟ್ಟಿತು. 2004ರಲ್ಲಿ ಆರಂಭವಾದ ನುಡಿಸಿರಿಯೆಂಬ ಸಾಹಿತ್ಯ ಸಮ್ಮೇಳನದ ಜತೆಗೆ ವಿದ್ಯಾರ್ಥಿಸಿರಿಯೆಂಬ ಮಕ್ಕಳ ಸಾಹಿತ್ಯ ಸಮ್ಮೇಳನವನ್ನು ನಡೆಸಿ, ಅದರ ಅಧ್ಯಕ್ಷಪೀಠದಲ್ಲಿ ಶಾಲಾ ವಿದ್ಯಾರ್ಥಿಯನ್ನೇ ಕುಳ್ಳಿರಿಸಿದುದು ನನಗೆ ಬಹಳ ಪ್ರಿಯವಾದ ಸಂಗತಿ. ಸಾವಿರಾರು ಜನರೆದುರು ನಿಂತು ತಾನೇ ಬರೆದ ಅಧ್ಯಕ್ಷಭಾಷಣವನ್ನು ಓದುವ ಹುಡುಗಿಯೊಬ್ಬಳಿಗೆ ಆ ದಿನ ದೊರೆಯುವ ಶಿಕ್ಷಣವನ್ನು ಯಾವ ತರಗತಿಯೂ ಕೊಡಲಾರದು. ಪೂರ್ವರಂಗದ ಬಾಲಗೋಪಾಲನಿಗೆ ಗೆಜ್ಜೆ ಕಟ್ಟಿ ರಂಗಕ್ಕೆ ಬಿಟ್ಟ ಹಿರಿಯರ ಧೈರ್ಯವೇ ಇದು.

ಸರಕಾರದ ಇತರ ಯೋಜನೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಈ ಶತಮಾನದ ಆರಂಭದಲ್ಲಿ ರಾಜ್ಯವು ತಂದ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಕತೆ ಹೇಳುವುದು, ಅಭಿನಯಗೀತೆ, ಆಶುಭಾಷಣ, ಮಣ್ಣಿನ ಮಾದರಿ ಮುಂತಾದ ಸ್ಪರ್ಧೆಗಳು ಕ್ಲಸ್ಟರಿನಿಂದ ರಾಜ್ಯಮಟ್ಟದವರೆಗೆ ನಡೆಯುತ್ತವೆ. 2008ರಿಂದ ಎಂಟನೆಯ ತರಗತಿಯ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ವಿದ್ಯಾರ್ಥಿವೇತನದ ಪರೀಕ್ಷೆಯಲ್ಲಿ ಗೆದ್ದ ಬಡಮಗುವಿಗೆ, ಓದು ನಿಲ್ಲದಿರಲೆಂದು, ಈಗ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಎರಡೂ ಸದುದ್ದೇಶದವು. ಕಾರಂಜಿಯು ವರ್ಷಕ್ಕೊಂದು ದಿನ ಚಿಮ್ಮಿ ನಿಲ್ಲುತ್ತದೆ, ಬಹುಮಾನ ಪಡೆದ ಮಗುವಿಗೆ ಮರುದಿನ ಕಲಿಸುವವರಿಲ್ಲ ಎಂಬುದು ಅದರ ಕೊರತೆ. ಇತ್ತೀಚೆಗೆ ಭಾಗವತ ಪಟ್ಲ ಸತೀಶ ಶೆಟ್ಟರ ಯಕ್ಷಧ್ರುವ ಪ್ರತಿಷ್ಠಾನವು ಶಾಲೆಗಳಲ್ಲಿಯೇ ಗುರುಗಳನ್ನು ನೇಮಿಸಿ ವಾರವಾರವೂ ಯಕ್ಷಗಾನವನ್ನು ಉಚಿತವಾಗಿ ಕಲಿಸುವ ಕ್ರಮವನ್ನು ಹಿಡಿದಿರುವುದು ಆ ಕೊರತೆಗೆ ಸರಿಯಾದ ಪರಿಹಾರ. ಹಿಂದೆ ಚೌಕಿಯ ಸಮೀಪಕ್ಕೂ ಹೋಗಲಾಗದಿದ್ದ ಹೆಣ್ಣುಮಕ್ಕಳು ಇಂದು ಅದೇ ಪಾಠದಲ್ಲಿ ಗಂಡುಮಕ್ಕಳಿಗೆ ಸಮನಾಗಿ ಹೆಜ್ಜೆ ಹಾಕುತ್ತಿದ್ದಾರೆ.

ಈ ಚರಿತ್ರೆಯನ್ನು ಕುರಿತು ನನ್ನ ತೀರ್ಮಾನ ಇಷ್ಟು. ಈ ಮೂರು ಊರುಗಳು ಜಾಣ ಮಕ್ಕಳನ್ನು ಆಯ್ದುಕೊಳ್ಳುವ ವಿದ್ಯೆಯನ್ನು ಈಗ ಚೆನ್ನಾಗಿ ಕಲಿತಿವೆ; ಆಯ್ಕೆಯಾಗದ ಜಾಣ ಮಕ್ಕಳನ್ನು ಊರಿನಲ್ಲಿಯೇ ಬೆಳೆಸುವ ಹಳೆಯ ವಿದ್ಯೆಯನ್ನು ಮರೆಯುತ್ತಿವೆ. ಮುಡಿಪಿಗೆ 80 ಮಂದಿ, ಮೂಡುಬಿದಿರೆಗೆ ಕೆಲವು ನೂರು, ಉಜಿರೆಗೆ ಇನ್ನು ಕೆಲವರು ಹೋದ ಮೇಲೆ, ಘಟ್ಟದ ತಪ್ಪಲಿನವರೆಗೂ ಊರೂರಿನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಎರಡಂಕಿಯ ಸಂಖ್ಯೆಯ ಮಕ್ಕಳಿಗೆ ಇಬ್ಬರೇ ಶಿಕ್ಷಕರಿರುವ ಕೋಣೆಗಳಲ್ಲಿ, ಪಾಠ ಬೇಗ ಮುಗಿಸಿ ಸುಮ್ಮನೆ ಕುಳಿತಿರುವ ಹುಡುಗಿಯೋ ಹುಡುಗನೋ ಉಳಿದೇ ಇರುತ್ತಾರೆ. ಅವರಿಗಾಗಿ ಹೊಸ ಕಟ್ಟಡ ಬೇಕಾಗಿಲ್ಲ. ಬಹುಮಟ್ಟಿಗೆ ಪ್ರತಿ ಗ್ರಾಮ ಪಂಚಾಯತಿಗೂ ಗ್ರಂಥಾಲಯವಿದೆ. ಸಂಜೆ ಶಾಲೆ ಬಿಟ್ಟ ಬಳಿಕ ಅದು ಮಕ್ಕಳಿಗೆ ತೆರೆದಿರುವಂತೆ ಪಂಚಾಯತಿಯ ಸದಸ್ಯರೂ ಶಾಲಾಭಿವೃದ್ಧಿ ಸಮಿತಿಯವರೂ ನೋಡಿಕೊಳ್ಳಲಿ. ಸಿದ್ಧವನ, ರತ್ನಮಾನಸ, ನವೋದಯ, ಆಳ್ವಾಸ್‌ಗಳಲ್ಲಿ ಓದಿ ಬಂದವರು ಈ ತಾಲೂಕುಗಳ ಪ್ರತಿಯೊಂದು ಗ್ರಾಮದಲ್ಲಿಯೂ ಇದ್ದಾರೆ, ಇಲ್ಲವೆ ರಜೆಗೆ ಬರುತ್ತಾರೆ. ತಮ್ಮ ಊರಿನ ಶಾಲೆಯ ಆರು, ಏಳು, ಎಂಟನೆಯ ತರಗತಿಯ ಮಕ್ಕಳೊಡನೆ ವಾರಕ್ಕೊಂದು ಸಂಜೆಯನ್ನು, ಪಂಜೆಯವರು ಮಾಡಿದಂತೆ ಕತೆಯಿಂದಾಗಲಿ, ಕಾರಂತರ ದಾರಿಯಲ್ಲಿ ನಕ್ಷತ್ರ ತೋರಿಸಿಯಾಗಲಿ, ತಾವು ಬಲ್ಲ ಲೆಕ್ಕ, ತಾಳ, ಕಸುಬುಗಳಿಂದಾಗಲಿ ಕಳೆಯಬೇಕೆಂದು ಅವರಲ್ಲಿ ನನ್ನ ಬಿನ್ನಹ.